ತೂಕ ಇಳಿಯಲಿ, ಬಲ ಉಳಿಯಲಿ

ಗದಗ ಸೀಮೆಯ ಊರುಗಳಲ್ಲಿ ಜಾತ್ರೆ, ಕಾರಹುಣ್ಣಿಮೆ, ನಾಗರಪಂಚಮಿ ಬಂದರೆ ಬಲದ ಪಂದ್ಯಗಳಿಗೆ ಜೀವ ಬರುತ್ತದೆ. ಒಂದೆಡೆ ಕುಸ್ತಿ ಕಣ, ಇನ್ನೊಂದೆಡೆ ಸಂಗ್ರಾಣಿ ಕಲ್ಲು, ಮತ್ತೊಂದೆಡೆ ಜೋಳದ ಚೀಲವನ್ನೋ ಉಸುಕಿನ ಚೀಲವನ್ನೋ ಹೆಗಲಿಗೇರಿಸುವ ಪಂದ್ಯ. ಕಲ್ಲು ಎಷ್ಟು ಕೆಜಿಯದು ಎಂದು ಸುತ್ತ ನಿಂತ ಮಂದಿ ಕೇಳುತ್ತಾರೆ. ಎತ್ತುವವನ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಇದೇ ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ನಸುಕಿನಲ್ಲೇ ಎದ್ದು ವಾಕಿಂಗ್ ಹೋಗುವವರ ನಡುವೆ ಮಾತ್ರ ಒಂದೇ ವಿಚಾರಣೆ: ‘ಎಷ್ಟು ಕೆಜಿ ಇಳೀತು?’

ದೇಹ ಎಷ್ಟು ಭಾರ ಎತ್ತಬಲ್ಲದು, ದೇಹವೇ ಎಷ್ಟು ಭಾರ ಇದೆ ಎಂಬ ಎರಡು ಲೆಕ್ಕಗಳನ್ನು ನಾವು ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ಒಂದು ಪೈಲ್ವಾನರದು, ಇನ್ನೊಂದು ಬೊಜ್ಜು ಬಂದವರದು ಎಂಬ ಭಾವನೆ. ಈ ಎರಡನ್ನೂ ಒಟ್ಟಿಗೆ ನೋಡದೆ ತೂಕ ಇಳಿಸಲು ಹೊರಟರೆ ದೇಹಕ್ಕೆ ಲಾಭಕ್ಕಿಂತ ಹಾನಿಯೇ ಆಗಬಹುದು. ಬಲದ ವ್ಯಾಯಾಮ ತಕ್ಕಡಿಯ ಮುಳ್ಳನ್ನು ಹೆಚ್ಚು ಅಲುಗಿಸುವುದಿಲ್ಲ. ಆದರೆ ಇಳಿಯುವ ತೂಕ ಕೊಬ್ಬಿನಿಂದ ಇಳಿಯುತ್ತದೋ ಸ್ನಾಯುವಿನಿಂದ ಇಳಿಯುತ್ತದೋ ಎಂಬುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ನಮ್ಮ ಮಣ್ಣಿನ ದೇಹಗಳಿಗೆ ಈ ತೀರ್ಮಾನ ಬಹಳ ದೊಡ್ಡದು. ಯಾಕೆಂದರೆ ನಮ್ಮಲ್ಲಿ ಸ್ನಾಯು ಮೊದಲೇ ಕಡಿಮೆ.

ಒಂದೇ ಅಳತೆ, ಎರಡು ದೇಹ

2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ಚಿತ್ರ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಪಟ್ಟಿಯ ಪ್ರಕಾರ ಇಬ್ಬರೂ ಆರೋಗ್ಯವಂತರೇ. ಆದರೆ ದೇಹದ ಒಳಗನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಕೊಬ್ಬು ಶೇ 9.1 ಇತ್ತು, ಯಾಜ್ಞಿಕ್ ಅವರಲ್ಲಿ ಶೇ 21.2. ಹೊರಗಿನಿಂದ ಕಾಣುವ ತೆಳುವಿನೊಳಗೆ ಎರಡು ಪಟ್ಟಿಗೂ ಹೆಚ್ಚು ಕೊಬ್ಬು ಅಡಗಿತ್ತು.

ಇದು ಹುಟ್ಟಿನಿಂದಲೇ ಬರುವ ಪಾಡು ಎಂಬುದಕ್ಕೂ ಪುರಾವೆಗಳಿವೆ. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕೆಜಿ ಇದ್ದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5 ಕೆಜಿ. ಆ ಕೊರತೆ ಎಲ್ಲ ಅಂಗಾಂಶಗಳಲ್ಲಿ ಸಮನಾಗಿ ಹಂಚಿಹೋಗಿರಲಿಲ್ಲ. ಸ್ನಾಯು ಬಹಳ ಕಡಿಮೆಯಾಗಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ತಗ್ಗದೆ ಉಳಿದಿತ್ತು. ಮೈಸೂರಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲೂ ಇದೇ ಮಾದರಿ ಕಂಡಿತು. ಸಣ್ಣ ಮಗು, ಕಡಿಮೆ ಸ್ನಾಯು, ಆದರೆ ಮುಂಡದ ಭಾಗದಲ್ಲಿ ಉಳಿದುಕೊಂಡ ಕೊಬ್ಬು.

ಈ ಕಾರಣಕ್ಕೇ ಭಾರತೀಯರಿಗೆ ಬಿಎಂಐ ಗೆರೆಗಳನ್ನು ಕೆಳಗೆ ಎಳೆಯಲಾಗಿದೆ. ಯುರೋಪಿನವರಿಗೆ 25 ದಾಟಿದರೆ ಹೆಚ್ಚು ತೂಕ, ನಮಗೆ 23ಕ್ಕೇ ಎಚ್ಚರಿಕೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ತಕ್ಕಡಿ ಏನೇ ಹೇಳಲಿ, ಹೊಟ್ಟೆಯ ಒಳಗೆ ಕೊಬ್ಬು ಸೇರುತ್ತಿದೆ ಎಂದೇ ತಿಳಿಯಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ದುಡಿಯುವ ವಯಸ್ಸಿನ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ 30ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಇದು ಶೇ 22–23ರ ಆಸುಪಾಸಿನಲ್ಲಿತ್ತು. ಇದು ಬರೀ ಬೆಂಗಳೂರಿನ ಸಂಗತಿಯಾಗಿ ಉಳಿದಿಲ್ಲ. ಅಡತಿ ಅಂಗಡಿಯ ಗಾದಿಯ ಮೇಲೆ, ಮುದ್ರಣಾಲಯದ ಕಂಪ್ಯೂಟರಿನ ಮುಂದೆ, ಟ್ರ್ಯಾಕ್ಟರಿನ ಸೀಟಿನ ಮೇಲೆ ದಿನ ಕಳೆಯುವ ಊರುಗಳಿಗೂ ಅದು ಬಂದು ಮುಟ್ಟಿದೆ.

ಇಳಿದ ತೂಕದಲ್ಲಿ ಏನಿದೆ?

80 ಕೆಜಿಯ ಒಬ್ಬರು ರಾತ್ರಿಯ ಊಟ ಬಿಟ್ಟು, ಅನ್ನ ಬಿಟ್ಟು, ಹೇಗೋ 10 ಕೆಜಿ ಇಳಿಸಿದರು ಎಂದಿಟ್ಟುಕೊಳ್ಳಿ. ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ, ಇಳಿದದ್ದರಲ್ಲಿ ಸುಮಾರು ಕಾಲುಭಾಗ ಕೊಬ್ಬಲ್ಲದ ಅಂಗಾಂಶ ಎಂಬುದು ಹಲವು ಅಧ್ಯಯನಗಳಿಂದ ಬಂದ ಅಂದಾಜು. ಅದರಲ್ಲಿ ನೀರಿನ ಅಂಶ ಇದೆ, ಸ್ನಾಯುವೂ ಇದೆ. ಅಂದರೆ ಹತ್ತರಲ್ಲಿ ಎರಡೂವರೆ ಕೆಜಿ ನಾವು ಕಳೆದುಕೊಳ್ಳಬೇಕೆಂದು ಬಯಸದ ಸ್ವತ್ತು. ತಕ್ಕಡಿ ಇದನ್ನು ತೋರಿಸುವುದಿಲ್ಲ. ನೆರೆಹೊರೆಯವರು ‘ಭಾಳ ಇಳದೀರಿ’ ಎಂದು ಹೊಗಳುತ್ತಾರೆ.

ಹೆಚ್ಚಿನವರಲ್ಲಿ ಇಳಿದ ತೂಕ ಒಂದಿಷ್ಟಾದರೂ ಮರಳಿ ಬರುತ್ತದೆ, ಆಗ ನಷ್ಟ ಇನ್ನೂ ದೊಡ್ಡದಾಗುತ್ತದೆ. 2011ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನ ಮುಟ್ಟು ನಿಂತ ಮಹಿಳೆಯರ ದೇಹದಲ್ಲಿ ಈ ಹೋಗು-ಬರುವಿನ ಲೆಕ್ಕ ಇಟ್ಟಿತು. ಪ್ರತಿ 1 ಕೆಜಿ ಕೊಬ್ಬು ಇಳಿದಾಗ 0.26 ಕೆಜಿ ಕೊಬ್ಬಲ್ಲದ ಅಂಗಾಂಶವೂ ಹೋಗಿತ್ತು. ಮುಂದಿನ ವರ್ಷ ಪ್ರತಿ 1 ಕೆಜಿ ಕೊಬ್ಬು ಮರಳಿದಾಗ ಅಂಗಾಂಶ ಮರಳಿದ್ದು ಬರೀ 0.12 ಕೆಜಿ. ಹೋಗಿದ್ದರ ಅರ್ಧದಷ್ಟೂ ಬರಲಿಲ್ಲ. ಮೂರು ನಾಲ್ಕು ಸಲ ಹೀಗೆ ಇಳಿದು ಏರಿದ ದೇಹ ಮೊದಲಿನ ತೂಕಕ್ಕೇ ಬಂದು ನಿಂತರೂ ಒಳಗೆ ಕೊಬ್ಬು ಹೆಚ್ಚಿ ಸ್ನಾಯು ತಗ್ಗಿರುತ್ತದೆ. ಮದುವೆ, ಹಬ್ಬ, ಬಾಣಂತನದ ನಡುವೆ ಉಪವಾಸದಿಂದಲೇ ತೂಕ ಇಳಿಸಲು ಹೆಣಗುವ ನಮ್ಮ ಹೆಣ್ಣುಮಕ್ಕಳು ಈ ಮಾತನ್ನು ಮೊದಲು ತಿಳಿಯಬೇಕು.

ಈಗ ತೂಕ ಇಳಿಸುವ ಚುಚ್ಚುಮದ್ದುಗಳೂ ಭಾರತಕ್ಕೆ ಬಂದಿವೆ. ಸೆಮಾಗ್ಲುಟೈಡ್ ಎಂಬ ಔಷಧದ ಪ್ರಮುಖ ಪರೀಕ್ಷೆಯಲ್ಲಿ 68 ವಾರಗಳಿಗೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ದೇಹದ ಒಳಗನ್ನು ಅಳೆದ ಸಣ್ಣ ಗುಂಪಿನಲ್ಲಿ, ಇಳಿದ ತೂಕದ ಶೇ 40ರ ಆಸುಪಾಸು ಕೊಬ್ಬಲ್ಲದ ಅಂಗಾಂಶವೇ ಆಗಿತ್ತು. ತೀವ್ರ ಬೊಜ್ಜಿರುವವರಿಗೆ ಈ ಔಷಧಗಳು ನಿಜವಾಗಿ ನೆರವಾಗುತ್ತವೆ. ಆದರೆ ಔಷಧ ತೆಗೆದುಕೊಳ್ಳುವವರಿಗೆ ಬಲದ ವ್ಯಾಯಾಮದ ಅಗತ್ಯ ಉಳಿದವರಿಗಿಂತಲೂ ಹೆಚ್ಚು.

ಬಲದ ವ್ಯಾಯಾಮ ಮಾಡುವುದೇನು, ಮಾಡದಿರುವುದೇನು

ಜಿಮ್ಮುಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಸ್ನಾಯು ಬೆಳೆಸಿದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ ಎಂದು. ಲೆಕ್ಕ ಹಾಕಿ ನೋಡೋಣ. ವಿಶ್ರಾಂತಿಯಲ್ಲಿರುವ 1 ಕೆಜಿ ಸ್ನಾಯು ದಿನಕ್ಕೆ ಬಳಸುವುದು ಸುಮಾರು 13 ಕಿಲೋಕ್ಯಾಲರಿ. 1 ಕೆಜಿ ಕೊಬ್ಬು ಬಳಸುವುದು 4.5. ಹೃದಯ, ಮೂತ್ರಪಿಂಡಗಳು ಕೆಜಿಗೆ 440ರಷ್ಟು, ಮಿದುಳು 240, ಯಕೃತ್ತು 200ರಷ್ಟು ಬಳಸುತ್ತವೆ. ತಿಂಗಳುಗಟ್ಟಲೆ ಸಾಮು ತೆಗೆದು 2 ಕೆಜಿ ಸ್ನಾಯು ಬೆಳೆಸಿದರೂ ದಿನಕ್ಕೆ ಹೆಚ್ಚುವ ಖರ್ಚು 26 ಕಿಲೋಕ್ಯಾಲರಿ. ಸಂಜೆ ಗಿರಮಿಟ್ಟಿನ ಜೊತೆ ತಿನ್ನುವ ಒಂದು ಮಿರ್ಚಿ ಬಜ್ಜಿಗೂ ಅದು ಸಾಲದು. ಮುಕ್ಕಾಲು ಗಂಟೆ ಭಾರ ಎತ್ತಿದರೆ 70 ಕೆಜಿಯ ವ್ಯಕ್ತಿ 180 ಕಿಲೋಕ್ಯಾಲರಿಯಷ್ಟು ವ್ಯಯಿಸಬಹುದು. ಅಷ್ಟೇ ಹೊತ್ತಿನ ಬಿರುಸು ನಡಿಗೆಗೆ ಇದಕ್ಕಿಂತ ಸ್ವಲ್ಪ ಹೆಚ್ಚು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ 8 ತಿಂಗಳ ಪ್ರಯೋಗವೂ ಇದನ್ನೇ ಹೇಳುತ್ತದೆ. ಅದರಲ್ಲಿ ನಡಿಗೆ-ಓಟದ ಬಗೆಯ ವ್ಯಾಯಾಮ ಮಾಡಿದವರಲ್ಲಿ ಕೊಬ್ಬೂ ತೂಕವೂ ಇಳಿದವು. ಬರೀ ಭಾರ ಎತ್ತಿದವರಲ್ಲಿ ಸ್ನಾಯು ಹೆಚ್ಚಿತು, ಕೊಬ್ಬು ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದ್ದರಿಂದ ವಾಕಿಂಗ್ ಬಿಟ್ಟು ಬರೀ ಡಂಬೆಲ್ ಹಿಡಿಯಿರಿ ಎಂದರೆ ಅದು ತಪ್ಪು ಸಲಹೆ.

ಹಾಗಾದರೆ ಬಲದ ವ್ಯಾಯಾಮದ ಕೆಲಸ ಏನು? ಇದಕ್ಕೆ ಸ್ಪಷ್ಟ ಉತ್ತರ 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಡೆನ್ನಿಸ್ ವಿಲ್ಲಾರಿಯಲ್ ಅವರ ತಂಡ 65 ದಾಟಿದ, ಬೊಜ್ಜಿದ್ದ 160 ಮಂದಿಯನ್ನು ಗುಂಪುಗಳಾಗಿ ಹಂಚಿತು. ಮೂರು ಗುಂಪುಗಳಿಗೆ ಊಟದ ಮಿತಿ ಒಂದೇ, ವ್ಯಾಯಾಮ ಬೇರೆ: ಒಂದಕ್ಕೆ ನಡಿಗೆಯ ಬಗೆಯದು, ಒಂದಕ್ಕೆ ಬಲದ್ದು, ಒಂದಕ್ಕೆ ಎರಡೂ. ಆರು ತಿಂಗಳ ಕೊನೆಗೆ ಮೂರೂ ಗುಂಪುಗಳಲ್ಲಿ ಶೇ 9ರಷ್ಟು ತೂಕ ಇಳಿದಿತ್ತು. ತಕ್ಕಡಿಯೊಂದನ್ನೇ ನಂಬಿದ್ದರೆ ಮೂರೂ ಒಂದೇ ಎಂದು ಪ್ರಯೋಗ ಮುಗಿಸಬೇಕಿತ್ತು. ಒಳಗಿನ ಲೆಕ್ಕ ಬೇರೆಯಿತ್ತು. ಕೊಬ್ಬಲ್ಲದ ಅಂಗಾಂಶ ನಡಿಗೆಯ ಗುಂಪಿನಲ್ಲಿ ಶೇ 5, ಬಲದ ಗುಂಪಿನಲ್ಲಿ ಶೇ 2, ಎರಡೂ ಮಾಡಿದವರಲ್ಲಿ ಶೇ 3ರಷ್ಟು ಇಳಿದಿತ್ತು. ಚಪ್ಪೆಮೂಳೆಯ ಸಾಂದ್ರತೆ ನಡಿಗೆಯವರಲ್ಲಿ ಸುಮಾರು ಶೇ 3 ಕುಸಿದರೆ, ಭಾರ ಎತ್ತಿದ ಎರಡೂ ಗುಂಪುಗಳಲ್ಲಿ ಶೇ 1 ದಾಟಲಿಲ್ಲ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಮುಂತಾದ ಕೆಲಸಗಳ ಪರೀಕ್ಷೆಯಲ್ಲಿ ಎರಡೂ ಮಾಡಿದವರ ಅಂಕ ಶೇ 21 ಏರಿತು, ಉಳಿದೆರಡು ಗುಂಪುಗಳದು ಶೇ 14.

ಊಟದ ಮಿತಿಯಿಂದ ತೂಕ ಇಳಿಯುತ್ತದೆ. ನಡಿಗೆ ಅದಕ್ಕೆ ನೆರವಾಗುತ್ತದೆ, ಹೃದಯವನ್ನೂ ಕಾಯುತ್ತದೆ. ಸ್ನಾಯುವನ್ನೂ ಮೂಳೆಯನ್ನೂ ಉಳಿಸಿಕೊಡುವ ಕೆಲಸ ಬಲದ ವ್ಯಾಯಾಮದ್ದು. ಮೂರಕ್ಕೂ ಬೇರೆ ಬೇರೆ ಹೊಣೆ ಇದೆ, ಒಂದರ ಕೆಲಸವನ್ನು ಇನ್ನೊಂದು ಪೂರ್ತಿ ಮಾಡಿಕೊಡಲಾರದು.

ಸ್ನಾಯು ಯಾಕೆ ಬೇಕು?

ಉಣ್ಣುವ ಜೋಳದ ರೊಟ್ಟಿ, ಅನ್ನ, ಹೋಳಿಗೆ ಎಲ್ಲವೂ ಕೊನೆಗೆ ಸಕ್ಕರೆಯಾಗಿ ರಕ್ತ ಸೇರುತ್ತದೆ. ಸುಗ್ಗಿಯ ಜೋಳವನ್ನು ನಮ್ಮ ಹಿರಿಯರು ಹಗೇವಿಗೆ ಇಳಿಸುತ್ತಿದ್ದಂತೆ ದೇಹ ಆ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುವಿಗೆ ತುಂಬುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಇನ್ಸುಲಿನ್ ಹರಿಸಿ ನೋಡಿದಾಗ ರಕ್ತದ ಸಕ್ಕರೆಯ ಬಹುಪಾಲನ್ನು, ಶೇ 80ರ ಹತ್ತಿರ, ಹೀರಿಕೊಳ್ಳುವುದು ಸ್ನಾಯುವೇ. ಸ್ನಾಯು ಚಿಕ್ಕದಾಗಿದ್ದರೆ, ಕೆಲಸವಿಲ್ಲದೆ ಒಳಗಿನ ದಾಸ್ತಾನು ಖರ್ಚಾಗದೆ ಉಳಿದಿದ್ದರೆ, ಹೊಸ ಸಕ್ಕರೆಗೆ ಜಾಗವಿಲ್ಲ. ಮಿಕ್ಕಿದ್ದರಲ್ಲಿ ಒಂದಂಶವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ, ರಕ್ತದಲ್ಲಿ ಸಕ್ಕರೆಯ ಮಟ್ಟ ಏರುತ್ತದೆ.

ಇಲ್ಲಿ ಇನ್ನೂ ಒಂದು ಸಂಗತಿ ಇದೆ. ಸಕ್ಕರೆಯನ್ನು ಸ್ನಾಯುಕೋಶದ ಒಳಗೆ ಬಿಡುವ ಗ್ಲುಟ್-4 ಎಂಬ ಪ್ರೋಟೀನು ಸಾಮಾನ್ಯವಾಗಿ ಇನ್ಸುಲಿನ್ ಕರೆದಾಗ ಕೋಶದ ಅಂಚಿಗೆ ಬರುತ್ತದೆ. ಸ್ನಾಯು ಬಲವಾಗಿ ಸಂಕುಚಿಸಿದಾಗ ಇನ್ಸುಲಿನ್ ಕರೆಯದೆಯೂ ಅದು ಬರುತ್ತದೆ. ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ದೇಹದಲ್ಲೂ ಈ ಎರಡನೆಯ ದಾರಿ ತೆರೆದಿರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಬಸ್ಕಿ ಹೊಡೆಯುವುದು ಉಪಕಾರಿಯಾಗುವುದು ಹೀಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ ಎಂದು ಅಂದಾಜಿಸಿದೆ. ಅಂಥ ನಾಡಿನಲ್ಲಿ ಸ್ನಾಯುವಿನ ಮಾತು ಅಂದಚೆಂದದ ಮಾತಾಗಿ ಉಳಿಯಲಾರದು.

ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಶೇ 3ರಿಂದ 8ರಷ್ಟು ಸ್ನಾಯು ತಾನಾಗಿ ಕರಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಮೊದಲು ಸೊರಗುವುದು ಚುರುಕಾಗಿ, ಬಲವಾಗಿ ಕೆಲಸ ಮಾಡುವ ಎಳೆಗಳು. ಎಡವಿದಾಗ ಥಟ್ಟನೆ ಕಾಲೂರಿ ಸಾವರಿಸಿಕೊಳ್ಳುವುದು ಅವುಗಳ ಬಲದಿಂದ. ನಿಧಾನ ನಡಿಗೆ ಆ ಎಳೆಗಳನ್ನು ಹೆಚ್ಚು ಕೆಲಸಕ್ಕೆ ಕರೆಯುವುದೇ ಇಲ್ಲ. ಭಾರ ಬಂದಾಗ ಮಾತ್ರ ನರಗಳು ಅವನ್ನು ಎಬ್ಬಿಸುತ್ತವೆ. ಹಾಗೆ ಎಳೆತ ಬಿದ್ದ ಸ್ನಾಯುವಿನೊಳಗೆ ಹೊಸ ಪ್ರೋಟೀನು ಕಟ್ಟುವ ಕೆಲಸ ಚುರುಕಾಗಿ, ಒಂದೆರಡು ದಿನ ಮುಂದುವರಿಯುತ್ತದೆ. ಊಟ ಕಡಿಮೆಯಾಗಿ ದೇಹ ಎಲ್ಲೆಲ್ಲಿಂದಲೋ ಶಕ್ತಿ ಹುಡುಕುವ ದಿನಗಳಲ್ಲೂ, ಈ ಸ್ನಾಯು ಬಳಕೆಯಲ್ಲಿದೆ ಎಂಬ ಸಂದೇಶ ಆ ಎಳೆತದಿಂದ ಸಿಗುತ್ತದೆ.

ವಯಸ್ಸಾಯಿತು ಎಂಬುದು ಇಲ್ಲಿ ಅಡ್ಡಿಯಾಗದು. 1990ರಲ್ಲಿ ಮರಿಯಾ ಫಿಯಾಟರೋನ್ ಅವರ ತಂಡ ಅಮೆರಿಕದ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹಿರಿಯರಿಗೆ 8 ವಾರ ತೊಡೆಯ ಬಲದ ವ್ಯಾಯಾಮ ಮಾಡಿಸಿತು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174 ಹೆಚ್ಚಿತು, ತೊಡೆಯ ಸ್ನಾಯುವಿನ ಗಾತ್ರ ಶೇ 9ರಷ್ಟು. ಗಾತ್ರಕ್ಕಿಂತ ಬಲ ಇಷ್ಟು ಹೆಚ್ಚಲು ಕಾರಣ ನರಮಂಡಲ. ಮೊದಲ ವಾರಗಳಲ್ಲಿ ಕಲಿಯುವುದು ಮುಖ್ಯವಾಗಿ ನರಗಳೇ: ಇರುವ ಎಳೆಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಅವು ಕಲಿಯುತ್ತವೆ.

ಗರಡಿಯ ತಿಳಿವಳಿಕೆ

ಭಾರ ಎತ್ತಿ ಮೈ ಕಟ್ಟುವ ತಿಳಿವಳಿಕೆ ನಮ್ಮ ಕಡೆಗೆ ಹೊಸದಲ್ಲ. ಲಕ್ಕುಂಡಿ, ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರ ಕಲ್ಯಾಣದ ಚಾಲುಕ್ಯರ ನಾಡಿನ ದೊಡ್ಡ ಊರುಗಳು. ಆ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗೇ ಒಂದು ಭಾಗವಿದೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ವ್ಯಾಯಾಮಗಳನ್ನು ಬೇರ್ಪಡಿಸಿ, ಮಲ್ಲರ ಆಹಾರವನ್ನೂ ಅದು ಹೇಳುತ್ತದೆ. ಭಾರ ಮತ್ತು ನಡಿಗೆ ಎರಡೂ ಬೇಕು, ಅದಕ್ಕೆ ತಕ್ಕ ಊಟವೂ ಬೇಕು ಎಂಬ ಚೌಕಟ್ಟು ಅಲ್ಲೇ ಇದೆ.

ಗರಡಿ ಮನೆಯ ತಾಲೀಮಿನಲ್ಲಿ ಈ ತಿಳಿವಳಿಕೆ ಬಾಯಿಂದ ಬಾಯಿಗೆ ಉಳಿದುಬಂತು. ವಸ್ತಾದರು ಹೊಸ ಹುಡುಗನ ಕೈಗೆ ಮೊದಲ ದಿನವೇ ದೊಡ್ಡ ಗದೆ ಕೊಡುವುದಿಲ್ಲ. ಕೆಲವೇ ದಂಡ, ಕೆಲವೇ ಬಸ್ಕಿ, ಮೈ ಒಗ್ಗಿದ ಹಾಗೆ ಎಣಿಕೆ ಏರಿಸುವುದು, ಆಮೇಲೆ ಗದೆ, ಗುಂಡುಕಲ್ಲು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಹಂತಹಂತವಾಗಿ ಭಾರ ಹೆಚ್ಚಿಸುತ್ತ ಚಿಕಿತ್ಸೆ ಕೊಟ್ಟ ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಇವತ್ತಿನ ಬಲದ ವ್ಯಾಯಾಮದ ವಿಜ್ಞಾನಕ್ಕೆ ಅದು ತಳಹದಿ. ವಸ್ತಾದರ ಎಣಿಕೆಯಲ್ಲೂ ಡಿಲೋರ್ಮರ ಪಟ್ಟಿಯಲ್ಲೂ ತತ್ವ ಒಂದೇ: ದೇಹ ಒಗ್ಗಿಕೊಂಡ ಮೇಲೆ ಭಾರ ಸ್ವಲ್ಪ ಏರಬೇಕು, ಇಲ್ಲವಾದರೆ ಸ್ನಾಯು ಅಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದ, ಕನ್ನಡಿಗರಿಗೆ ‘ಶಾಂತಲಾ’ ಕಾದಂಬರಿಕಾರರಾಗಿ ಪರಿಚಿತರಾದ ಕೆ.ವಿ. ಅಯ್ಯರ್ ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು.

ಗರಡಿಯ ಬಗ್ಗೆ ಜನರಲ್ಲಿ ಒಂದು ಭಯವೂ ಇದೆ: ತಾಲೀಮು ಬಿಟ್ಟ ಪೈಲ್ವಾನ ದಪ್ಪಗಾಗುತ್ತಾನೆ, ಗಟ್ಟಿ ಮೈ ಕೊಬ್ಬಾಗುತ್ತದೆ ಎಂದು. ಕಣ್ಣಿಗೆ ಕಾಣುವುದು ನಿಜ, ಕಾರಣ ಬೇರೆ. ಸ್ನಾಯು ಕೊಬ್ಬಾಗಿ ಮಾರ್ಪಡುವುದಿಲ್ಲ, ಎರಡೂ ಬೇರೆ ಬೇರೆ ಕೋಶಗಳು. ತಾಲೀಮು ನಿಂತಾಗ ಸ್ನಾಯು ಸೊರಗುತ್ತದೆ. ಹಾಲು, ತುಪ್ಪ, ಬಾದಾಮಿಯ ಊಟ ಮಾತ್ರ ಮೊದಲಿನಂತೆಯೇ ನಡೆಯುತ್ತದೆ. ಖರ್ಚಾಗದ ಶಕ್ತಿ ಕೊಬ್ಬಾಗಿ ಕೂಡುತ್ತದೆ. ಇದರಿಂದ ಕಲಿಯಬೇಕಾದದ್ದು ಇಷ್ಟು: ಇಪ್ಪತ್ತರಲ್ಲಿ ಗಳಿಸಿದ ಬಲವನ್ನು ಐವತ್ತರಲ್ಲಿ ಉಣ್ಣಲಾಗದು, ಕಡಿಮೆ ಪ್ರಮಾಣದಲ್ಲಾದರೂ ಕೊನೆವರೆಗೆ ಸಾಮು ನಡೆಯಬೇಕು.

ದುಡಿಮೆ ಬೇರೆ, ತಾಲೀಮು ಬೇರೆ

ಎಪಿಎಂಸಿ ಅಂಗಳದಲ್ಲಿ ಹಮಾಲರು ದಿನವಿಡೀ ಚೀಲ ಹೊರುತ್ತಾರೆ. ಬೆಟಗೇರಿಯ ನೇಕಾರರು ಮಗ್ಗದ ಮುಂದೆ ಕೈಕಾಲು ಆಡಿಸುತ್ತಲೇ ಇರುತ್ತಾರೆ. ನೀರಿಗೆ ಬರ ಬಂದ ದಿನಗಳಲ್ಲಿ ಹೆಂಗಸರು ಟೊಂಕದ ಮೇಲೆ ಕೊಡ ಹೊತ್ತು ನಡೆದಿದ್ದಾರೆ. ಇವರಿಗೆ ಮತ್ತೇಕೆ ವ್ಯಾಯಾಮ ಎಂಬ ಪ್ರಶ್ನೆ ಸಹಜ. ಡೆನ್ಮಾರ್ಕಿನ ಆಂಡ್ರೆಯಾಸ್ ಹೋಲ್ಟರ್ಮನ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ವರ್ಷಗಳಿಂದ ಬೆನ್ನುಹತ್ತಿದ್ದಾರೆ. ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಮಾಡಿದಂತೆ ಹೊಟ್ಟೆಪಾಡಿನ ಭಾರ ಹೊರುವಿಕೆ ಮಾಡುವುದಿಲ್ಲ, ಕೆಲವರಲ್ಲಿ ಕೆಡುಕನ್ನೇ ಮಾಡುತ್ತದೆ ಎಂಬುದು ಅವರ ಕಂಡುಕೊಳ್ಳುವಿಕೆ.

ಕಾರಣಗಳು ಅರ್ಥವಾಗುವಂಥವೇ. ತಾಲೀಮಿನಲ್ಲಿ ಭಾರ ನಮ್ಮ ಬಲಕ್ಕೆ ತಕ್ಕಂತೆ ಇರುತ್ತದೆ, ಹಮಾಲಿಯಲ್ಲಿ ಚೀಲಕ್ಕೆ ತಕ್ಕಂತೆ ಬೆನ್ನು ಬಾಗಬೇಕು. ತಾಲೀಮಿನಲ್ಲಿ ಒಂದು ದಿನ ಎತ್ತಿದರೆ ಮರುದಿನ ಆ ಸ್ನಾಯುವಿಗೆ ಬಿಡುವು, ದುಡಿಮೆಯಲ್ಲಿ ಬಿಡುವು ಎಂದರೆ ಕೂಲಿ ಹೋಯಿತು. ತಾಲೀಮು ಎರಡೂ ಬದಿಗೆ ಸಮ, ಕೊಡ ಮಾತ್ರ ಯಾವಾಗಲೂ ಅದೇ ಟೊಂಕದ ಮೇಲೆ. ಬೀಸುಕಲ್ಲು, ಒನಕೆ ಹೋದದ್ದರಿಂದ ಹೆಣ್ಣುಮಕ್ಕಳು ದಪ್ಪಗಾದರು ಎಂದು ದೂರುವವರು ಆ ಬೀಸುಕಲ್ಲಿನ ಮುಂದೆ ಸವೆದ ಬೆನ್ನುಗಳನ್ನೂ ನೆನೆಯಬೇಕು. ಹಿಟ್ಟಿನ ಗಿರಣಿ ಬಂದದ್ದು ಒಳ್ಳೆಯದೇ. ಆ ದುಡಿಮೆ ಹೋದ ಜಾಗದಲ್ಲಿ ಹಿತಮಿತವಾದ ತಾಲೀಮು ಬರಲಿಲ್ಲ, ಕೊರತೆ ಇರುವುದು ಅಲ್ಲಿ. ಗರಡಿ ಗಂಡಸರದು, ಅಡುಗೆಮನೆ ಹೆಂಗಸರದು ಎಂಬ ಹಳೆಯ ಹಂಚಿಕೆಯಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಹೆಂಗಸರು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದು ಅವರಲ್ಲಿ, ಗಂಡಸರಿಗಿಂತ ಕಡಿಮೆ ಸ್ನಾಯುವಿನೊಂದಿಗೆ ಮುಪ್ಪಿಗೆ ಕಾಲಿಡುವವರೂ ಅವರೇ. ಭಾರ ಎತ್ತಿದರೆ ಗಂಡಸರಂತೆ ಮೈ ಉಬ್ಬೀತು ಎಂಬ ಅಂಜಿಕೆಗೆ ಆಧಾರವಿಲ್ಲ, ಅಷ್ಟು ಸ್ನಾಯು ಬೆಳೆಸುವ ಮಟ್ಟದ ಟೆಸ್ಟೋಸ್ಟಿರೋನ್ ಹಾರ್ಮೋನು ಅವರಲ್ಲಿಲ್ಲ.

ಎಲ್ಲಿಂದ ಶುರು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಸರಳವಾಗಿದೆ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳೆಲ್ಲಕ್ಕೂ ಬಲದ ವ್ಯಾಯಾಮ. ಇದಕ್ಕೆ ಜಿಮ್ ಬೇಕೇಬೇಕು ಎಂದಿಲ್ಲ.

ಕಾಲಿಗೆ ಬಸ್ಕಿ: ಮೊದಲು ಕುರ್ಚಿಯ ಮೇಲೆ ಕೂತು ಕೈ ಊರದೆ ಎದ್ದೇಳುವುದು, ಆಮೇಲೆ ಕುರ್ಚಿಯಿಲ್ಲದೆ, ಆಮೇಲೆ ಎದೆಗೆ 5 ಕೆಜಿ ಜೋಳದ ಚೀಲ ಅಪ್ಪಿಕೊಂಡು. ಎದೆ-ತೋಳಿಗೆ ದಂಡ: ಮೊದಲು ಗೋಡೆಗೆ, ನಂತರ ಮನೆಯ ಮುಂದಿನ ಕಟ್ಟೆಗೆ, ಕೊನೆಗೆ ನೆಲಕ್ಕೆ. ಬೆನ್ನಿಗೆ, ಸೊಂಟದಿಂದ ಮುಂದೆ ಬಾಗಿ ಬೆನ್ನು ನೇರ ಇಟ್ಟು ಚೀಲವನ್ನು ಹೊಟ್ಟೆಯ ಕಡೆ ಎಳೆಯುವುದು. ಸೊಂಟ-ತೊಡೆಯ ಹಿಂಭಾಗಕ್ಕೆ, ನೆಲದ ಮೇಲಿನ ಚೀಲವನ್ನು ದೇಹಕ್ಕೆ ಹತ್ತಿರ ಹಿಡಿದು ಎತ್ತಿ ನಿಲ್ಲುವುದು. ಹಿಡಿತಕ್ಕೆ, ಎರಡೂ ಕೈಯಲ್ಲಿ ಸಮ ತೂಕದ ನೀರಿನ ಬಕೆಟ್ ಹಿಡಿದು ನಡೆಯುವುದು. ಒಂದೊಂದನ್ನೂ 8ರಿಂದ 12 ಸಲ, ಎರಡು ಮೂರು ಸುತ್ತು. ಕೊನೆಯ ಒಂದೆರಡು ಸಲ ಕಷ್ಟ ಅನಿಸಬೇಕು, ಆದರೆ ಮೈಯ ಭಂಗಿ ಕೆಡಬಾರದು. 12 ಸಲ ಹಗುರವಾದರೆ ಚೀಲಕ್ಕೆ ಒಂದೆರಡು ಕೆಜಿ ಸೇರಿಸಿ. ಎತ್ತುವಾಗ ಉಸಿರು ಹಿಡಿಯಬೇಡಿ, ರಕ್ತದೊತ್ತಡ ಏರುತ್ತದೆ. ನಡುವೆ ಒಂದು ದಿನ ಬಿಡಿ. ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಮಧುಮೇಹದಿಂದ ಕಣ್ಣಿನ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಊಟದಲ್ಲಿ ಮಿತಿ ಬೇಕು, ಪ್ರೋಟೀನಿನಲ್ಲಿ ಮಾತ್ರ ಜಿಪುಣತನ ಬೇಡ. ಐಸಿಎಂಆರ್ 2020ರಲ್ಲಿ ಎಲ್ಲರಿಗೂ ಹೇಳಿದ ಪ್ರಮಾಣ ದೇಹತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ. ತೂಕ ಇಳಿಸುತ್ತ ಬಲದ ವ್ಯಾಯಾಮ ಮಾಡುವವರಿಗೆ 1.2 ಗ್ರಾಂ ಆದರೂ ಬೇಕು, ಅಂದರೆ 70 ಕೆಜಿಯವರಿಗೆ 84 ಗ್ರಾಂ. ನಮ್ಮ ಗಂಗಾಳದಲ್ಲೇ ಇದರ ಬಹುಪಾಲು ಕೂಡುತ್ತದೆ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 20 ಗ್ರಾಂ, 50 ಗ್ರಾಂ ಹೆಸರುಕಾಳಿನ ಪಲ್ಯದಲ್ಲಿ 11, 50 ಗ್ರಾಂ ಕಡಲೆಹಿಟ್ಟಿನ ಝುಣಕದಲ್ಲಿ 10, ತೊಗರಿಬೇಳೆಯ ಸಾರಿನಲ್ಲಿ 8, ಒಂದು ಲೋಟ ಹಾಲು ಮತ್ತು ಒಂದು ಬಟ್ಟಲು ಮೊಸರಿನಲ್ಲಿ 14, ಒಂದು ಹಿಡಿ ಶೇಂಗಾದಲ್ಲಿ 7. ತಿನ್ನುವವರಿಗೆ ಎರಡು ಮೊಟ್ಟೆಯಲ್ಲಿ ಇನ್ನೊಂದು 12. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿ-ಕಾಳುಪಲ್ಯದ ಜೋಡಿ ಸ್ನಾಯುವಿಗೆ ಬೇಕಾದ ಸಾಮಗ್ರಿಯನ್ನು ಪೂರ್ತಿ ಒದಗಿಸುತ್ತದೆ. ಕಡಿಮೆ ಮಾಡಬೇಕಾದದ್ದು ಬಿಳಿ ಅನ್ನದ ಎರಡನೇ ಬಡಿಕೆ, ಸಕ್ಕರೆ ಚಹಾ, ಸಂಜೆಯ ಎಣ್ಣೆ ತಿಂಡಿ. ಶೇಂಗಾದಲ್ಲಿ ಎಣ್ಣೆಯೂ ಬಹಳ, ಆದ್ದರಿಂದ ಒಂದೇ ಹಿಡಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ನಿರ್ಧರಿಸಿಕೊಳ್ಳಬೇಕು.

ಅವಸರವೂ ಬೇಡ. 1 ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇದೆ. ದಿನಕ್ಕೆ 500ರಷ್ಟು ಕಡಿಮೆ ಉಂಡರೆ ಮೊದಮೊದಲು ವಾರಕ್ಕೆ ಅರ್ಧ ಕೆಜಿಯ ಹತ್ತಿರ ಇಳಿಯುತ್ತದೆ, ಬರಬರುತ್ತ ನಿಧಾನವಾಗುತ್ತದೆ. ಇದಕ್ಕಿಂತ ಬಹಳ ವೇಗದಲ್ಲಿ ಇಳಿದರೆ ಜೊತೆಗೆ ಸ್ನಾಯುವೂ ಹೆಚ್ಚು ಹೋಗುತ್ತದೆ.

ತಕ್ಕಡಿಯ ಜೊತೆ ಇನ್ನೂ ಮೂರು ಅಳತೆಗಳನ್ನು ಮನೆಯಲ್ಲಿ ಬರೆದಿಡಿ: ಸೊಂಟದ ಸುತ್ತಳತೆ, ಅರ್ಧ ನಿಮಿಷದಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಎಂಬ ಎಣಿಕೆ, ನೆಲದಿಂದ ಸಲೀಸಾಗಿ ಎತ್ತಿದ ಚೀಲದ ತೂಕ. ಮೂರು ತಿಂಗಳಿಗೊಮ್ಮೆ ನೋಡಿ. ಸೊಂಟ ಇಳಿದು, ಉಳಿದೆರಡು ಏರಿದ್ದರೆ, ತೂಕ ಎರಡೇ ಕೆಜಿ ಇಳಿದಿದ್ದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ. ತೂಕ ಎಂಟು ಕೆಜಿ ಇಳಿದು ಕುರ್ಚಿಯ ಎಣಿಕೆಯೂ ಇಳಿದಿದ್ದರೆ ಊಟಕ್ಕೆ ಕಾಳು ಸೇರಿಸಿ, ಕೈಗೆ ಚೀಲ ಹಿಡಿಯಿರಿ. ಗರಡಿ ಮನೆ ಇರುವ ಊರುಗಳು ಬೆಳಗಿನ ಒಂದು ಹೊತ್ತನ್ನು ಹೆಂಗಸರಿಗೂ ಅರವತ್ತು ದಾಟಿದವರಿಗೂ ತೆರೆದಿಡಲಿ. ವಸ್ತಾದರ ಅನುಭವ ಊರಿನ ಎಲ್ಲರ ಆರೋಗ್ಯಕ್ಕೆ ಒದಗಿಬರಲು ಅದಕ್ಕಿಂತ ಅಗ್ಗದ, ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.